ಬೇರು ಕುಡಿದರೆ ಹೆಣ್ಣು ಗಂಡಾಗದು
ಡೊಂಬಿವಲಿಯ ಅಕ್ಕಾ, ಮೂರು ತಿಂಗಳವರೆಗೆ ಕೂಸು ಹೆಣ್ಣೂ ಅಲ್ಲ ಗಂಡೂ ಅಲ್ಲ, ಅಷ್ಟರೊಳಗೆ ಊರಿಂದ ತಂದ ಬೇರು ಅರೆದು ಕುಡಿದರೆ ಗಂಡಾಗುತ್ತದೆ ಅಂತ ನಿಮ್ಮ ಅತ್ತೆ ಹೇಳುತ್ತಾರೆ, ನಿಜವೇ ಎಂದು ಕೇಳಿದ್ದೀರಿ. ದಯವಿಟ್ಟು ಕುಡಿಯಬೇಡಿ.

ಅತ್ತೆಯವರ ಮಾತಿನಲ್ಲಿ ಒಂದೆಳೆ ಸತ್ಯವಿದೆ. ಸುಮಾರು ಆರು ವಾರದವರೆಗೆ (ಡಾಕ್ಟರು ಎಣಿಸುವ ಮುಟ್ಟಿನ ಲೆಕ್ಕದಲ್ಲಿ ಎಂಟು) ಎಲ್ಲ ಭ್ರೂಣಗಳೂ ನೋಡಲು ಒಂದೇ ಥರ. ಅಂಡಾಶಯವೋ ವೃಷಣವೋ ಆಗಬಲ್ಲ ಒಂದೇ ಬಗೆಯ ಗ್ರಂಥಿ, ಜೊತೆಗೆ ಎರಡೂ ಬಗೆಯ ನಾಳಗಳು. ಆದರೆ ಹಾದಿ ಹಿಡಿಯುವುದು ಗರ್ಭ ಕಟ್ಟಿದಾಗ ತಂದೆಯ ವೀರ್ಯಾಣು ತಂದ ಎಕ್ಸ್ (ಸಾಮಾನ್ಯವಾಗಿ ಹೆಣ್ಣು) ಅಥವಾ ವೈ (ಗಂಡು) ವರ್ಣತಂತುವಿನಿಂದ, ಅಂದರೆ ಕ್ರೋಮೋಸೋಮಿನಿಂದ. ವೈ ಮೇಲಿನ ಎಸ್‌ಆರ್‌ವೈ ಜೀನ್, 1990ರಲ್ಲಿ ಗುರುತಿಸಿದ್ದು, ಆ ಗ್ರಂಥಿಯನ್ನು ವೃಷಣವಾಗಿಸುತ್ತದೆ. ವೃಷಣದ ಒಂದು ಹಾರ್ಮೋನು ಗರ್ಭಕೋಶವಾಗಬಹುದಿದ್ದ ನಾಳವನ್ನು ಕರಗಿಸುತ್ತದೆ, ಅದರದೇ ಇನ್ನೊಂದು ಹಾರ್ಮೋನು ಟೆಸ್ಟೋಸ್ಟೆರಾನ್ ಗಂಡಿನ ನಾಳವನ್ನು ಉಳಿಸುತ್ತದೆ. ಅಂಡಾಶಯ ಕಟ್ಟಲಿಕ್ಕೂ ಬೇರೆ ಜೀನ್‌ಗಳು ದುಡಿಯುತ್ತವೆ. ಹೆಣ್ಣೆಂದರೆ ಗಂಡಾಗದೆ ಉಳಿದದ್ದಲ್ಲ. ಕೆಲವು ಮಕ್ಕಳಲ್ಲಿ ಈ ಹಾದಿ ಬೇರೆಯಾಗುವುದೂ ಉಂಟು, ಅದರಲ್ಲಿ ಯಾರ ತಪ್ಪೂ ಇಲ್ಲ.

ಪುಣೆಯಲ್ಲಿ ನನ್ನ ಚಿಕ್ಕಮ್ಮನಿಗೂ ಎರಡು ಹೆಣ್ಣಾದ ಮೇಲೆ ಇಂಥದೇ ಪುಡಿ ಕುಡಿಸಿದ್ದರು, ಮೂರನೆಯದೂ ಹೆಣ್ಣೇ. ಬೈಗುಳ ತಿಂದವಳು ಅವಳು. ಆ ಬೇರನ್ನು ಹಾಗೇ ಕಟ್ಟಿಕೊಂಡು ಹೋಗಿ ನಿಮ್ಮ ಡಾಕ್ಟರಿಗೆ ತೋರಿಸಿ. ಸಾಧ್ಯವಾದರೆ ಯಜಮಾನರನ್ನೂ ಕರೆದೊಯ್ಯಿರಿ, ಎಕ್ಸ್ ವೈ ಮಾತು ಅವರೂ ಕೇಳಲಿ.