ತೋಟದ ಕೆಲಸ ಜೋರಾಗುವ ಬೇಸಗೆಯಲ್ಲಿ ಸೊಂಟ ಹಿಡಿಯದಂತೆ ಏನು ಮಾಡಬೇಕು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವರೆಂದು ಬರೆದಿದ್ದೀರಿ. ಹಾಗಾದರೆ ಮಾರ್ಚ್ ಅಂದರೆ ಅಡಿಕೆಗೆ ನೀರು, ಗದ್ದೆಯಲ್ಲಿ ಸೌತೆ, ಅಲಸಂಡೆ ಸಾಲು, ಎಲ್ಲ ಒಟ್ಟಿಗೆ. ಭಾರ ಎತ್ತುವುದಷ್ಟೇ ಅಲ್ಲ, ಒಂದೇ ಸಮನೆ ಬಗ್ಗಿರುವುದೂ ಸೊಂಟಕ್ಕೆ ಕೆಟ್ಟದ್ದು. ಕಳೆ ಕೀಳಲು ಮಣೆ ಹಾಕಿ ಕೂರಿ. ಅರ್ಧ ಗಂಟೆಗೊಮ್ಮೆ ಎದ್ದು, ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೆ ಬಾಗಿ. ತುಂಬಿದ ಕೊಡಪಾನ ಒಂದೇ ಕೈಯಲ್ಲಿ ಬೇಡ, ಅರ್ಧರ್ಧ ತುಂಬಿ ಎರಡೂ ಕೈಗೆ ಹಂಚಿ.

ಸೆಕೆಯದ್ದು ಬೇರೆಯೇ ಕಥೆ. ನಮ್ಮಲ್ಲಿ ಗಾಳಿಯಲ್ಲೇ ತೇವ, ಬೆವರು ಬೇಗ ಆರುವುದಿಲ್ಲ, ಹಾಗಾಗಿ ಮೈ ತಣಿಯುವುದಿಲ್ಲ. ಕೇರಳದಲ್ಲಿ ಬೇಸಗೆಗೆ ಬಿಸಿಲಿನ ಕೂಲಿ ಕೆಲಸಕ್ಕೆ ಮಧ್ಯಾಹ್ನ 12ರಿಂದ 3ರ ತನಕ ಬಿಡುವು ಕೊಡಿಸುತ್ತಾರಲ್ಲ, ಸ್ವಂತ ತೋಟದಲ್ಲೂ ಅದನ್ನೇ ಪಾಲಿಸಿ. ಉಪ್ಪು ಹಾಕಿದ ಗಂಜಿ ತಿಳಿ, ನೀರುಮಜ್ಜಿಗೆ ಒಳ್ಳೆಯದು (ಬಿಪಿ ಇದ್ದರೆ ಉಪ್ಪು ಬೇಡ). ನೋವು ಕಾಲಿಗಿಳಿದು ಜೋಮು ಹಿಡಿದರೆ ಎಣ್ಣೆ ತಿಕ್ಕುತ್ತಾ ಕೂರದೆ ಡಾಕ್ಟರರಿಗೆ ತೋರಿಸಿ.