ಕೋವಿಶೀಲ್ಡ್ ಹಾಕಿಸಿಕೊಂಡು ಮೂರು ವರ್ಷ ಆಯ್ತು, ಈಗ ರಕ್ತ ಹೆಪ್ಪುಗಟ್ಟಬಹುದಾ?

2021ರಲ್ಲಿ ಎರಡೂ ಡೋಸ್ ಹಾಕಿಸಿಕೊಂಡಿದ್ದೀರಿ. ಈಗ, 2024ರಲ್ಲಿ, ಈ ಲಸಿಕೆಯನ್ನು ರೂಪಿಸಿದ ಆಸ್ಟ್ರಾಜೆನೆಕಾ ಕಂಪನಿ, ತೀರಾ ಅಪರೂಪಕ್ಕೆ ಇದರಿಂದ ರಕ್ತ ಹೆಪ್ಪುಗಟ್ಟಬಹುದು ಎಂದು ಬ್ರಿಟನ್ನಿನ ಕೋರ್ಟಿನಲ್ಲಿ ಒಪ್ಪಿಕೊಂಡ ಸುದ್ದಿ ಓದಿ ನಿದ್ದೆ ಬರುತ್ತಿಲ್ಲ, ರಕ್ತ ಹೆಪ್ಪುಗಟ್ಟಿರುವ ಸುಳಿವು ಕೊಡುವ ಡಿ-ಡೈಮರ್ ಎಂಬ ರಕ್ತದ ಟೆಸ್ಟ್ ಮಾಡಿಸಲಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಆ ವರ್ಷ ಒಂದು ಲಸಿಕಾ ಕೇಂದ್ರದಲ್ಲಿ ಸ್ವಯಂಸೇವಕನಾಗಿದ್ದೆ. ಕೆಲಸ ಗಡಿಯಾರ ನೋಡುವುದು. ಸೂಜಿ ಚುಚ್ಚಿಸಿಕೊಂಡು ಬಂದವರ ಚೀಟಿ ಮೇಲೆ ಟೈಮ್ ಬರೆದು, ಅರ್ಧ ಗಂಟೆ ಕೂರಿಸಿ ಕಳಿಸಬೇಕು. "ನಂಗೇನೂ ಆಗಿಲ್ಲ, ಬಿಡಪ್ಪಾ, ಬಸ್ ಹೋಗುತ್ತೆ" ಅಂತ ದಿನಾ ಜಗಳ.

ಆ ಅರ್ಧ ಗಂಟೆ ತೀವ್ರ ಅಲರ್ಜಿಗೆ, ಅಂದರೆ ಅನಾಫಿಲಾಕ್ಸಿಸ್‌ಗೆ. ಬಂದರೆ ಸಾಮಾನ್ಯವಾಗಿ ಅಷ್ಟರೊಳಗೆ ಬರುತ್ತದೆ. ನಮ್ಮ ದೇಶದಲ್ಲಿ ಲಸಿಕೆಯಿಂದಲೇ ಆದ ಸಾವು ಎಂದು ಸರ್ಕಾರದ ಸಮಿತಿ ಮೊದಲು ಒಪ್ಪಿದ್ದೂ ಅದನ್ನೇ. 2021ರ ಮಾರ್ಚ್ 8ರಂದು ಲಸಿಕೆ ಪಡೆದಿದ್ದ 68 ವರ್ಷದವರೊಬ್ಬರು.

ನನ್ನ ಕಣ್ಣೆದುರು ಬಿದ್ದವನು ಒಬ್ಬನೇ. ಗಟ್ಟಿಮುಟ್ಟಾದ ಹುಡುಗ, ಚೀಟಿ ಕೊಡುತ್ತಲೇ ಕುಸಿದ. ಸಿಸ್ಟರ್ ಓಡಿ ಬಂದು ಮಲಗಿಸಿ, ಅವನ ಕಾಲೆತ್ತಿ ನನ್ನ ಕುರ್ಚಿ ಮೇಲಿಟ್ಟರು. ನಾಡಿ ಹಿಡಿದುಕೊಂಡೇ, "ಬೆಳಿಗ್ಗೆ ಏನ್ ತಿಂದೆ?" ಎಂದರು. ಏನೂ ತಿಂದಿರಲಿಲ್ಲ. ಅದರ ಮೇಲೆ ಸೂಜಿಯ ಭಯ ಬೇರೆ. ಐದು ನಿಮಿಷಕ್ಕೆ ಎದ್ದು ಕೂತು ಫೋನ್ ಹುಡುಕತೊಡಗಿದ.

ಜ್ವರ, ಮೈಕೈ ನೋವಿನ ಆಟ ಒಂದೆರಡು ದಿನ. ನನಗೂ ಬಂದಿತ್ತು, ಡೋಲೋ ನುಂಗಿ ಮಲಗಿದೆ.

ನೀವು ಹೆದರಿರುವುದು ಟಿಟಿಎಸ್‌ಗೆ. ರಕ್ತ ಹೆಪ್ಪುಗಟ್ಟುತ್ತದೆ, ಜೊತೆಗೆ ಪ್ಲೇಟ್‌ಲೆಟ್ ಇಳಿಯುತ್ತದೆ. ಅದಕ್ಕೂ ಒಂದು ಗಡಿಯಾರ ಇದೆ. ಲಸಿಕೆಯಿಂದ ಹುಟ್ಟಿದ ಆಂಟಿಬಾಡಿಗಳು ನಮ್ಮದೇ ಪ್ಲೇಟ್‌ಲೆಟ್‌ಗಳನ್ನು ಕೆಣಕುವುದರಿಂದ ಆಗುವ ತೊಂದರೆ ಇದು, ಹೆಚ್ಚಾಗಿ ಮೊದಲ ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೂರು ವರ್ಷ ಸುಮ್ನೆ ಕಾದು ಕೂತಿದ್ದು ಎದ್ದು ಬರುವಂಥದ್ದಲ್ಲ. ಈಗ ಬಯಲಾದ ಗುಟ್ಟೂ ಅಲ್ಲ. ಯುರೋಪಿನ ಔಷಧ ಸಂಸ್ಥೆ 2021ರ ಏಪ್ರಿಲ್‌ನಲ್ಲೇ ಇದನ್ನು ಹೇಳಿತ್ತು. ಮೇ ತಿಂಗಳಲ್ಲಿ ನಮ್ಮ ಆರೋಗ್ಯ ಸಚಿವಾಲಯ 10 ಲಕ್ಷ ಡೋಸ್‌ಗೆ 0.61 ಪ್ರಕರಣ ಎಂದು ಲೆಕ್ಕ ಕೊಟ್ಟಿತು. ಅದು ವರದಿಯಾದವುಗಳ ಲೆಕ್ಕ, ಒಂದಷ್ಟು ಬಿಟ್ಟುಹೋಗಿರಬಹುದು ಅನ್ನೋದು ನನ್ನ ಅನಿಸಿಕೆ. ಲಸಿಕೆ ಪಡೆದ 20 ದಿನಗಳೊಳಗೆ ಉಸಿರಾಟದ ತೊಂದರೆ, ಎದೆನೋವು, ಕೈಕಾಲು ಊತ, ಬಿಡದ ತಲೆನೋವು ಬಂದರೆ ತಿಳಿಸಿ ಎಂದೂ ಸಚಿವಾಲಯ ಆಗಲೇ ಹೇಳಿತ್ತು. ಆದರೆ ನಮ್ಮ ಕೇಂದ್ರದ ಗೋಡೆ ಮೇಲೆ ಮಾಸ್ಕ್, ಅಂತರದ ಪೋಸ್ಟರ್‌ಗಳೇ ಜಾಸ್ತಿ. ಆ 20 ದಿನದ ಮಾತು ಎಲ್ಲೂ ಇರಲಿಲ್ಲ. ನಾನೂ ಯಾರಿಗೂ ಹೇಳಿ ಕಳಿಸಲಿಲ್ಲ. ನಿಮಗೂ ಆಗಲೇ ಯಾರಾದರೂ ಹೇಳಿದ್ದರೆ ಈಗ ಇಷ್ಟು ಗಾಬರಿ ಆಗುತ್ತಿರಲಿಲ್ಲ, ಅಲ್ವಾ?

ಡಿ-ಡೈಮರ್ ಬೇಡ. ಸೋಂಕು, ವಯಸ್ಸು, ಬಸಿರು ಹೀಗೆ ಹತ್ತು ಕಾರಣಕ್ಕೆ ಅದು ಏರುತ್ತದೆ, ಆಮೇಲೆ ಆ ರಿಪೋರ್ಟ್ ಹಿಡಿದುಕೊಂಡು ಇನ್ನೊಂದು ತಿಂಗಳು ನಿದ್ದೆಗೆಡುತ್ತೀರಿ. ಹಾಗಂತ ಈಗ ನಿಜಕ್ಕೂ ಎದೆನೋವೋ, ಕಾಲು ಊತವೋ ಇದ್ದರೆ ಇಲ್ಲಿ ಕೇಳುತ್ತಾ ಕೂರಬೇಡಿ. ಇವತ್ತೇ ಡಾಕ್ಟರ್ ಹತ್ತಿರ ಹೋಗಿ.