ಅಮೆರಿಕದ ಯೂಟಾ ರಾಜ್ಯದ ಮಾರ್ಮನ್ (ಒಂದು ಕ್ರೈಸ್ತ ಪಂಥ) ಮನೆಗಳಲ್ಲಿ ಡೆನ್ಮಾರ್ಕಿನ ಅಡುಗೆ ಈಗಲೂ ಉಳಿದಿದೆಯಾ?

ಉಳಿದಿದೆ. ಸುಮ್ನೆ ಹಬ್ಬದ ದಿನ ತೋರಿಸೋಕಾ ಅಂತ ಅನ್ನಿಸಬಹುದು. ಅಲ್ಲ, ಮನೆಯಲ್ಲೂ ಮಾಡುತ್ತಾರೆ. ನಾನು ಎಫ್ರೇಮ್ ಎಂಬ ಊರಲ್ಲಿ ನಾಲ್ಕು ವರ್ಷ ಇದ್ದೆ. ಅದು ಇರುವ ಸ್ಯಾನ್‌ಪೀಟ್ ಕಣಿವೆಯನ್ನು 'ಲಿಟಲ್ ಡೆನ್ಮಾರ್ಕ್' ಅಂತಲೇ ಕರೆಯುತ್ತಾರೆ.

1850ರಲ್ಲಿ ಮಾರ್ಮನ್ ಪ್ರಚಾರಕರು ಕೋಪನ್‌ಹೇಗನ್‌ಗೆ ಹೋದರು. ಮರುವರ್ಷವೇ ಅವರ ಧರ್ಮಗ್ರಂಥ ಡ್ಯಾನಿಶ್‌ನಲ್ಲಿ ಬಂತು. ಇಂಗ್ಲಿಷ್ ಬಿಟ್ಟರೆ ಅದೇ ಮೊದಲ ಭಾಷೆ. ಆಮೇಲೆ ಸ್ಕ್ಯಾಂಡಿನೇವಿಯಾದಿಂದ ಸಾವಿರಾರು ಜನ ಯೂಟಾಕ್ಕೆ ಹೊರಟು ಹಡಗು ಹತ್ತಿದರು. ಅವರಲ್ಲಿ ಡೆನ್ಮಾರ್ಕಿನವರೇ ಜಾಸ್ತಿ.

ಪಕ್ಕದ ಮನೆಯ ಅಜ್ಜಿ ಒಂದು ಶನಿವಾರ ಬೆಳಗ್ಗೆ ತಿಂಡಿಗೆ ಕರೆದರು. ಒಲೆ ಮೇಲೆ ಭಾರವಾದ ಬೀಡುಕಬ್ಬಿಣದ ಹಂಚು, ಅದರಲ್ಲಿ ಏಳು ಗುಳಿ. ಅರೆ, ನಮ್ಮ ಪಡ್ಡಿನ ಹಂಚು! ಅವರು ಮಾಡುತ್ತಿದ್ದದ್ದು ಎಬ್ಲಸ್ಕೀವರ್. ಮೈದಾ, ಮಜ್ಜಿಗೆ, ಮೊಟ್ಟೆ. ಮೊಟ್ಟೆಯ ಬಿಳಿಯನ್ನು ಬೇರೆಯಾಗಿ ನೊರೆ ಬರುವಂತೆ ಕಡೆದು ಕೊನೆಗೆ ಸೇರಿಸಿದರು. ಗುಳಿಗೆ ಬೆಣ್ಣೆ ಹಾಕಿ ಹಿಟ್ಟು ಹೊಯ್ದರು. ನಾವು ಪಡ್ಡು ಮಗುಚುವಂತೆ ಒಂದೇ ಸಲ ಮಗುಚಲ್ಲ. ಸ್ವೆಟರ್ ಹೆಣೆಯುವ ಕಡ್ಡಿಯಿಂದ ಕಾಲು ಸುತ್ತು ತಿರುಗಿಸಿದರು. ಒಳಗಿನ ಹಸಿ ಹಿಟ್ಟು ಕೆಳಗಿಳಿದು ಬೇಯಿತು. ಮತ್ತೆ ಕಾಲು ಸುತ್ತು. ಹೀಗೆ ಪೂರ್ತಿ ಚೆಂಡಾಯಿತು. ಹೆಸರಿನ ಅರ್ಥ ಸೇಬಿನ ಹೋಳು. ಹಿಂದೆ ಒಳಗೆ ಸೇಬು ಇಡುತ್ತಿದ್ದರಂತೆ. ಈಗ ಜಾಮ್, ಸಕ್ಕರೆ ಪುಡಿ ಜೊತೆ ತಿನ್ನುತ್ತಾರೆ.

ಅಜ್ಜಿಗೆ ಡ್ಯಾನಿಶ್ ಬರಲ್ಲ, ಅವರ ಅಮ್ಮನಿಗೂ ಅರ್ಧಂಬರ್ಧ ಬರುತ್ತಿತ್ತಂತೆ. ಆದರೆ ತಿಂಡಿಗಳ ಹೆಸರು ಮಾತ್ರ ಒಂದೂ ಮರೆತಿಲ್ಲ. ಅದನ್ನು ಕೇಳಿ ನನಗೆ ಗಂಟಲು ಕಟ್ಟಿತು. ಅಮೆರಿಕದಲ್ಲೇ ಹುಟ್ಟಿದ ನನ್ನ ಮಗಳಿಗೂ ಕನ್ನಡದಲ್ಲಿ ಚೆನ್ನಾಗಿ ಬರುವುದು ಅಡುಗೆಯ ಮಾತುಗಳೇ.

ಕ್ರಿಸ್‌ಮಸ್‌ಗೆ ಅಕ್ಕಿಯನ್ನು ಹಾಲಲ್ಲಿ ಬೇಯಿಸಿ, ಒಂದೇ ಒಂದು ಬಾದಾಮಿ ಬಚ್ಚಿಡುತ್ತಾರೆ. ಸಿಕ್ಕವರಿಗೆ ಉಡುಗೊರೆ. ಮಕ್ಕಳು ಅದನ್ನು ಕೆನ್ನೆಯಲ್ಲಿ ಅಡಗಿಸಿಕೊಂಡು, ಪಾತ್ರೆ ಖಾಲಿಯಾಗುವವರೆಗೂ ಎಲ್ಲರಿಗೂ ತಿನ್ನಿಸುತ್ತಾರೆ.

ಹೋಗಿಬಿಟ್ಟಿರುವುದು ಕಾಫಿ. ಡೆನ್ಮಾರ್ಕಿನ ಮನೆಗಳಲ್ಲಿ ಕಾಫಿ ಇಲ್ಲದೆ ಆಗಲ್ಲ. ಮಾರ್ಮನ್ನರ ಧರ್ಮದಲ್ಲಿ ಕಾಫಿ, ಟೀ ಎರಡೂ ನಿಷಿದ್ಧ. ವಲಸೆ ಬಂದ ಹಿರಿಯರಿಗೆ ಅದನ್ನು ಬಿಡುವುದು ಬಹಳ ಕಷ್ಟವಾಗಿತ್ತಂತೆ. ಫಿಲ್ಟರ್ ಕಾಫಿ ಕುಡಿದು ಬೆಳೆದ ನನಗೆ ಅದು ಅರ್ಥವಾಗುತ್ತದೆ.

ಮೇ ಕೊನೆಯಲ್ಲಿ ಎಫ್ರೇಮ್‌ನಲ್ಲಿ ಸ್ಕ್ಯಾಂಡಿನೇವಿಯನ್ ಉತ್ಸವ ಇರುತ್ತದೆ, ಆ ಕಡೆ ಹೋದರೆ ತಪ್ಪಿಸಬೇಡಿ. ಇಲ್ಲವಾದರೆ ನಿಮ್ಮ ಪಡ್ಡಿನ ಹಂಚಿನಲ್ಲೇ ಮಾಡಿ ನೋಡಿ. ನಮ್ಮ ಗುಳಿ ಚಿಕ್ಕದು, ಬೇಗ ಸೀಯುತ್ತದೆ. ಉರಿ ಸಣ್ಣದಿರಲಿ.